ದನಿ ಕೊಡದ ಗಡಿಗೆ

ನಿವೃತ್ತಳಾದ ಮೇಲೆ ನನ್ನ ಮನೆಗೆ ಬರುವವರಲ್ಲಿ ಹೆಚ್ಚಿನವರು ಡಿಸೈನ್ ಕಲಿಯಲು ಹೊರಟ ಹುಡುಗ ಹುಡುಗಿಯರು. ಬೆಳಗಾವಿಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಬೈಯುತ್ತಾಳೆ, ಆದರೆ ಚಹಾ ಕೊಡುತ್ತಾಳೆ ಎಂದು ಯಾರೋ ಅವರಿಗೆ ಹೇಳಿ ಕಳಿಸಿರುತ್ತಾರೆ. ಬಂದವರ ಪ್ರಶ್ನೆ ಒಂದೇ: "ಐಡಿಯಾ ಎಲ್ಲಿಂದ ಬರ್ತಾವ್ರಿ?" ಗಿಡದಿಂದ ಉದುರುತ್ತವೆ, ಚೀಲ ತಗೊಂಡು ಹೋಗು ಎನ್ನುತ್ತೇನೆ. ಅವರು ನಗುತ್ತಾರೆ, ನಾನು ಚಹಾಕ್ಕೆ ನೀರಿಡುತ್ತೇನೆ. ಆ ನೀರು ಕುದಿಯುವಷ್ಟರಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿ ಇಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಯಾವ ಹುದ್ದೆ, ಯಾವಾಗ ಬಡ್ತಿ ಎಂಬುದೆಲ್ಲ ಪಿಂಚಣಿ ಕಚೇರಿಯವರಿಗೆ ಬೇಕಾದ ಸಂಗತಿ. ನಿಮಗೆ ಅದರಿಂದ ಕವಡೆ ಕಾಸಿನ ಪ್ರಯೋಜನವೂ ಇಲ್ಲ.

ನನಗೆ ಮೊದಲು ಪಾಠ ಕಲಿಸಿದ್ದು ರವಿವಾರ ಪೇಟೆ. ಮುಂಬಯಿಯಲ್ಲಿ ಕಮರ್ಷಿಯಲ್ ಆರ್ಟ್ ಡಿಪ್ಲೊಮಾ ಮುಗಿಸಿ ಎಪ್ಪತ್ತರ ದಶಕದ ಆರಂಭದಲ್ಲಿ ಊರಿಗೆ ಮರಳಿದ್ದೆ. ತಲೆ ತುಂಬ ತತ್ವಗಳು, ಕೈಯಲ್ಲಿ ಕೆಲಸವಿಲ್ಲ. ಪೇಟೆಯ ಸಗಟು ಅಂಗಡಿಗಳಿಗೆ ಲೇಬಲ್ ಬರೆದುಕೊಡತೊಡಗಿದೆ. ಮಹಾಂತಪ್ಪ ಎಂಬ ಮಸಾಲೆ ವ್ಯಾಪಾರಿಯ ಖಾರಪುಡಿಗೆ ಗಿಳಿಯ ಗುರುತು ಇತ್ತು. ಅದು ಗಿಳಿಯೋ, ಹಸಿರು ಬಣ್ಣದಲ್ಲಿ ಬಿದ್ದೆದ್ದ ಕಾಗೆಯೋ ದೇವರೇ ಬಲ್ಲ. ನಾನು ಹೊಸ ಗಿಳಿ ಬರೆದೆ. ಗರಿ ಗರಿಯೂ ಎಣಿಸುವ ಹಾಗೆ, ಕಣ್ಣಲ್ಲಿ ಜೀವ ತುಳುಕುವ ಹಾಗೆ. ಹೆಸರು ಬಲಗಡೆ ಇದ್ದುದರಿಂದ ಗಿಳಿಯ ಮುಖವನ್ನೂ ಬಲಕ್ಕೆ ತಿರುಗಿಸಿದೆ, ಓದುವವನ ಕಣ್ಣು ಹೆಸರಿನ ಕಡೆಗೆ ಹೋಗಲಿ ಎಂದು. ಮುಂಬಯಿಯ ಮಾಸ್ತರರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಹಳ್ಳಿಗಳಿಗೆ ಹೋದ ಪೊಟ್ಟಣಗಳು ಹೋದ ಹಾಗೆಯೇ ತಿರುಗಿ ಬಂದವು. ಮಹಾಂತಪ್ಪ ಬೇಸರ ಮಾಡಿಕೊಳ್ಳಲಿಲ್ಲ, ಕುಂದರಿಸಿ ನೀರು ಕೊಟ್ಟು ಹೇಳಿದರು:

"ಗಿಳಿ ಭಾಳ ಛಂದ ಆಗೈತ್ರಿ ಅಕ್ಕಾರ. ಆದ್ರ ಅದು ನಮ್ಮ ಗಿಳಿ ಅಲ್ಲ. ನಮ್ಮ ಗಿಳಿ ಎಡಕ್ಕ ನೋಡತೈತಿ. ಇದು ಡುಪ್ಲಿಕೇಟ್ ಮಾಲು ಅಂತ ಮಂದಿ ಮುಟ್ಟವಲ್ಲರು."

ಓದು ಬಾರದ ಹೆಂಗಸರು ಖಾರಪುಡಿ ತರಲು ಮಕ್ಕಳನ್ನು ಕಳಿಸುವಾಗ "ಎಡಕ್ಕ ನೋಡೋ ಗಿಳಿ" ಎಂದೇ ಹೇಳುತ್ತಿದ್ದರಂತೆ. ಗಿಳಿಯನ್ನು ಮತ್ತೆ ಎಡಕ್ಕೆ ತಿರುಗಿಸಿದೆ, ಹಳೆಯ ಡೊಂಕು ಕೊಕ್ಕನ್ನೂ ವಾಪಸು ಅಂಟಿಸಿದೆ. ಕೊಳ್ಳುವವರು ಯಾವುದನ್ನು ನೋಡಿ ನಂಬುತ್ತಾರೋ ಅದರ ಮೇಲೆ ಕೈಯಿಡುವ ಮೊದಲು ನೂರು ಸಲ ಯೋಚಿಸಬೇಕು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಿದ್ದನ್ನು ನೆನಪಿಟ್ಟುಕೊಂಡೆನೇ ಎನ್ನುವುದು ಬೇರೆ ಮಾತು. ಮುಂದೆ ಬರುತ್ತದೆ.

ಕೆಲವು ವರ್ಷಗಳ ನಂತರ ಖಾನಾಪುರದ ಒಂದು ಚಿಕ್ಕ ಕುಂಬಾರಿಕೆ ತರಬೇತಿ ಶಾಲೆಯಲ್ಲಿ ಡಿಸೈನ್ ಕಲಿಸುವ ಕೆಲಸ ಸಿಕ್ಕಿತು. ಬೆಳಗಾವಿಯಿಂದ ದಿನವೂ ರೈಲು. ಬೆಳಗಿನ ಗಾಡಿಯಲ್ಲಿ ಜೋಂಪು ಹತ್ತಿ ಖಾನಾಪುರ ದಾಟಿ ಲೋಂಡಾಕ್ಕೆ ಹೋಗಿ ಇಳಿದದ್ದೂ ಉಂಟು. ಶಾಲೆಯ ಮುಖ್ಯಸ್ಥರು ಕುಲಕರ್ಣಿ ಸಾಹೇಬರು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಏನೇ ಬರೆದು ತೋರಿಸಲಿ, ಕನ್ನಡಕ ಮೇಲೇರಿಸಿ ಒಂದೇ ಮಾತು ಹೇಳುತ್ತಿದ್ದರು: "ಚಿತ್ರ ಛಲೋ ಅದ. ಸಂತ್ಯಾಗ ಹೋಗ್ತದೇನು ಹೇಳ್ರಿ."

ನಾನು ಹೋಗುವ ಮೊದಲು ಅಲ್ಲಿ ಡಿಸೈನ್ ಎಂದರೆ ಕಪಾಟಿನಲ್ಲಿದ್ದ ಚಿತ್ರದ ಹಾಳೆಗಳನ್ನು ನೋಡಿ ನಕಲು ಮಾಡುವುದು. ಎಲ್ಲವೂ ಯಾವುದೋ ಪರದೇಶದ ಹೂದಾನಿಗಳು. ಖಾನಾಪುರದ ಯಾವ ಮನೆಯಲ್ಲಿ ಹೂದಾನಿ ಇತ್ತು? ಹೂವು ದೇವರ ತಲೆಗೆ, ಇಲ್ಲವೇ ಹೆಂಗಸರ ತಲೆಗೆ. ಮೊದಲ ವಾರವೇ ಕಪಾಟಿಗೆ ಬೀಗ ಹಾಕಿದೆ. ಹುಡುಗರನ್ನೆಲ್ಲ ರೈಲು ಹತ್ತಿಸಿ ಲೋಂಡಾ ಜಂಕ್ಷನ್ನಿಗೆ ಕರೆದೊಯ್ದೆ. ಗೋವಾ ಕಡೆಯ ಗಾಡಿಗೂ ಹುಬ್ಬಳ್ಳಿ ಕಡೆಯ ಗಾಡಿಗೂ ಕಾಯುವ ಜನ ಅಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ. "ವಸ್ತು ಬರೀಬ್ಯಾಡ್ರಿ, ಕೈ ಬರೀರಿ" ಎಂದೆ. ಬುತ್ತಿ ಬಿಚ್ಚುವ ಕೈ, ತಂಬಿಗೆ ಎತ್ತಿ ತುಟಿ ತಾಗಿಸದೆ ನೀರು ಸುರಿದುಕೊಳ್ಳುವ ಕೈ. ಯಶವಂತ ಎಂಬ ಖಾನಾಪುರದ ಹುಡುಗ ಚಹಾ ಮಾರುವವನ ಕೈ ಬರೆದ. ಐದು ಬೆರಳು ಐದು ಲೋಟದೊಳಗೆ ಅದ್ದಿದ್ದವು. ಬರೆದು ಮುಗಿಸಿ, "ಅಕ್ಕೋರ, ನಾ ಚಹಾ ಕುಡಿಯೂದ ಬಿಟ್ಟೆ" ಎಂದ.

ಆ ತಂಡದಲ್ಲಿ ಒಬ್ಬಳೇ ಹುಡುಗಿ, ಶಾರದಾ. ಬೀಡಿ ಗ್ರಾಮದ ಲಿಂಗಾಯತ ರೈತರ ಮಗಳು. ಮಾತು ಕಡಿಮೆ, ನೋಟ ಹೆಚ್ಚು. ಖಾನಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಲಿಯುತ್ತಿದ್ದಳು. ಅವಳನ್ನು ಸೇರಿಸಲು ಬಂದ ದಿನ ತಂದೆ ಶಿವಪ್ಪ ತಲೆಯ ಪಟಕಾ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು ನನ್ನೆದುರು ಕೂತು ಶರತ್ತು ಹಾಕಿದ್ದರು:

"ನೋಡ್ರಿ ಅಕ್ಕೋರ, ಡಿಸೈನ್ ಕಲೀತಾಳ, ನಾಳಿ ಸಾಲ್ಯಾಗ ಡ್ರಾಯಿಂಗ್ ಟೀಚರ್ ಆಗ್ತಾಳ ಅಂದ್ರ ನಂದೇನೂ ತಕರಾರಿಲ್ಲ. ಬರೇ ಗಡಿಗಿ ಮಾಡೂದಾದ್ರ ಮನಿಗೆ ಕರ್ಕೊಂಡ ಹೋಗ್ತೇನಿ. ಊರಾಗ ಈಗಾಗ್ಲೇ ನನಗ ಕುಂಬಾರ ಶಿವಪ್ಪ ಅನ್ನಾಕ ಹತ್ಯಾರ."

ನನಗೆ ಸಿಟ್ಟು ಬಂತು. "ನೀವು ಲಿಂಗವಂತರು. ಕಾಯಕದಾಗ ಮೇಲು ಕೀಳು ಐತೇನ್ರಿ? ಕುಂಬಾರ ಶರಣ ಗಡಿಗಿ ಬಾರಿಸಿದ್ದಕ್ಕ ಶಿವ ಬಂದು ಕುಣಿದಾನಂತ, ನೀವ ಹೇಳ್ತೀರಿ" ಎಂದೆ.

ಅವರು ತಣ್ಣಗೆ ಅಂದರು: "ಮಠದಾಗ ಕುಂತು ಕೇಳಾಕ ಛಲೋ ಐತ್ರಿ ಅದು. ಮಗಳ ಲಗ್ನದ ಮಾತು ಬಂದಾಗ ಶಿವ ಬಂದು ಬೀಗರ ಮುಂದ ಕುಣಿತಾನೇನ್ರಿ?"

ಅವರ ಶರತ್ತಿಗೆ ಒಪ್ಪಿ ಶಾರದಾಳ ಹೆಸರು ಬರೆದುಕೊಂಡೆ.

ಮುಂದಿನ ವರ್ಷ ಮೇಲಿನಿಂದ ಯಾರೋ ತಪಾಸಣೆಗೆ ಬಂದರು. ಗಡಿಗೆ ಮಾಡುವವರಿಗೆ ಡಿಸೈನ್ ಯಾಕೆ, ಅದೊಂದು ದಂಡದ ಖರ್ಚು ಎಂದು ಹೇಳಿ ಹೋದರು. ಕುಲಕರ್ಣಿ ಸಾಹೇಬರು ನನ್ನನ್ನು ಕರೆದರು. "ಜೂನ್ ತಿಂಗಳ ಮಿರಗದ ಮಳಿ ಬೀಳೂದರೊಳಗ ನಿಮ್ಮ ಕ್ಲಾಸಿನ ಒಂದು ಮಾಲು ಖಾನಾಪುರ ಸಂತ್ಯಾಗ ಮಾರಾಟ ಆಗಬೇಕು. ಆತು ಅಂದ್ರ ಕ್ಲಾಸ್ ನಡಸೋಣು. ಇಲ್ಲಂದ್ರ ಬಂದ್. ನಾನರ ಏನ ಮಾಡ್ಲಿ?" ಅವರ ದನಿಯಲ್ಲಿ ಕೆಡುಕಿರಲಿಲ್ಲ, ದಣಿವಿತ್ತು. ಕ್ಲಾಸು ನಿಂತರೆ ಗಂಡುಹುಡುಗರು ತಿಗರಿ ತಿರುಗಿಸುತ್ತ ಅಲ್ಲೇ ಉಳಿಯುತ್ತಿದ್ದರು. ಶಾರದಾ ಬೀಡಿಗೆ ಮರಳಬೇಕಾಗುತ್ತಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾವು ಆರಿಸಿಕೊಂಡ ಸಮಸ್ಯೆ ಹಾಲು. ಬೇಸಿಗೆಯಲ್ಲಿ ಸಂಜೆಯ ಹಾಲು ಬೆಳಗಾಗುವುದರೊಳಗೆ ಒಡೆಯುತ್ತಿತ್ತು. ಫ್ರಿಜ್ ಎಂಬುದು ಆಗ ಡಾಕ್ಟರರ ಮನೆಯಲ್ಲಿ, ಕಂಟ್ರಾಕ್ಟರರ ಮನೆಯಲ್ಲಿ. ಉಳಿದವರು ಪರಾತದಲ್ಲಿ ನೀರು ಹಾಕಿ ಹಾಲಿನ ಪಾತ್ರೆ ಅದರಲ್ಲಿ ಇಡುತ್ತಿದ್ದರು. ನಮಗೆ ಹೊಳೆದದ್ದು ಗಡಿಗೆಯೊಳಗೊಂದು ಗಡಿಗೆ: ನಡುವೆ ಒದ್ದೆ ಮರಳು, ಅದರ ನೀರು ಹೊರಮೈಯಿಂದ ಆರುತ್ತಿದ್ದ ಹಾಗೆ ಒಳಗಿನದು ತಂಪಾಗುತ್ತದೆ. ಇದು ನಾವು ಕಂಡುಹಿಡಿದ ವಿದ್ಯೆಯೇನಲ್ಲ, ನೀರಿನ ಗಡಿಗೆಗೆ ಒದ್ದೆ ಅರಿವೆ ಸುತ್ತುವ ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೊಂದು ರೂಪ ಕೊಡುವುದಷ್ಟೇ ನಮ್ಮ ಕೆಲಸ.

ಮಕ್ಕಳು ಮನೆಮನೆಗೆ ಹೋಗಿ ಅಡುಗೆಮನೆಯ ಗೂಡು ಅಳೆದರು, ಹೆಂಗಸರು ಹಾಲಿನ ಪಾತ್ರೆ ಎತ್ತುವ ರೀತಿ ನೋಡಿ ಬಂದರು. ಕಾಗದದಲ್ಲಿ ಆಕಾರ ಕತ್ತರಿಸಿ ಗೋಡೆಗೆ ಅಂಟಿಸಿ ವಾದ ಮಾಡಿದರು. ಕೊನೆಯ ಆಕಾರ ನಾನು ಬರೆದೆ. ಒಳಗಿನ ಗಡಿಗೆಯನ್ನು ಹಸಿ ಇರುವಾಗಲೇ ಹೊರಗಿನದರಲ್ಲಿ ಇಳಿಸಿ, ಎರಡರ ಬಾಯಿಯನ್ನೂ ಮಣ್ಣಿನಿಂದ ಬೆಸೆದು, ಒಂದೇ ಮೈ ಎನ್ನುವ ಹಾಗೆ ಮಾಡಿದ್ದೆ. ಸುಟ್ಟ ಮೇಲೆ ಅಂಚಿನ ತೂತುಗಳಿಂದ ನಾವೇ ಮರಳು ತುಂಬಿಸಿದೆವು. ಮನೆಗೆ ಒಯ್ದು ನೀರು ಹಾಕಿದರೆ ಸಾಕು. ಪರೀಕ್ಷೆಗೆಂದು ಇಟ್ಟ ಹಾಲು ಎರಡನೆಯ ದಿನವೂ ಹಾಲಾಗಿಯೇ ಇತ್ತು. ಸಾಹೇಬರೇ ಅದರಲ್ಲಿ ಚಹಾ ಮಾಡಿಸಿ ಕುಡಿದರು. ಹಿಗ್ಗಿಗೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲಿನ ಸಂತೆಗೆ ಹುಲ್ಲು ಹಾಸಿ ಗಡಿಗೆಗಳನ್ನು ಸಾಲಾಗಿ ಇಟ್ಟೆವು. ಮೊದಲು ಬಂದ ಅಜ್ಜಿಯ ಕಣ್ಣು ಅರಳಿತು. ಕೈಗೆತ್ತಿಕೊಂಡಳು, ಕಿವಿಯ ಹತ್ತಿರ ಹಿಡಿದಳು, ಬೆರಳು ಮಡಚಿ ಗೆಣ್ಣಿನಿಂದ ಬಡಿದಳು. ದಬ್.

"ಬಿರಕ ಬಿಟ್ಟೈತಿ" ಎಂದು ಇಟ್ಟಳು. ಇನ್ನೊಂದು ಎತ್ತಿ ಬಡಿದಳು. ಅದೂ ದಬ್. "ಎಲ್ಲಾ ಬಿರಕ ಬಿಟ್ಟಾವಲ್ಲಬೇ!"

"ಒಳಗ ಮರಳ ಐತಿ ಆಯಿ, ಅದಕ್ಕ ದನಿ ಬರೂದಿಲ್ಲ" ಎಂದೆ.

"ಯಾಕ, ತೂಕಕ್ಕ ಮಾರ್ತೀರೇನು?"

ಅವಳ ಹಿಂದೆ ಬಂದವರೂ ಬಡಿದರು. ಎಲ್ಲರ ಮುಖವೂ ಒಂದೇ ಥರ ಸಪ್ಪಗಾಗುತ್ತಿತ್ತು. ಹಾಲು ಕೆಡುವುದಿಲ್ಲ, ಬೇಕಾದರೆ ನೋಡಿ ಎಂದು ಯಶವಂತ ಕನ್ನಡದಲ್ಲೂ ಮರಾಠಿಯಲ್ಲೂ ಗಂಟಲು ಹರಿದುಕೊಂಡ. ಯಾರಿಗೆ ಬೇಕು? ದನಿ ಕೊಡದ ಗಡಿಗೆಯನ್ನು ನಮ್ಮ ಸೀಮೆಯಲ್ಲಿ ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಸಂಜೆ ಸಾಹೇಬರು ನೋಡಲು ಬಂದರು. ಬಗ್ಗಿ ಒಂದು ಗಡಿಗೆ ಎತ್ತಿ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಗೆಣ್ಣಿನಿಂದ ಬಡಿದರು. ಆಮೇಲೆ ನಾಚಿಕೊಂಡು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಒಂದೂ ಮಾರಾಟವಾಗಲಿಲ್ಲ.

ಇದರಲ್ಲಿ ವಿಚಿತ್ರವೆಂದರೆ, ಬಡಿದು ನೋಡದೆ ಗಡಿಗೆ ಕೊಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನಾನು ಕೊಳ್ಳುವಾಗಲೂ ಬಡಿಯುತ್ತೇನೆ, ನನ್ನ ಅವ್ವನೂ ಬಡಿಯುತ್ತಿದ್ದಳು. ಆದರೆ ಮಾಡುವ ಜಾಗದಲ್ಲಿ ನಿಂತ ಕೂಡಲೇ ಕೊಳ್ಳುವವರ ಕೈ ನಮಗೆ ಮರೆತುಹೋಗಿತ್ತು. ಗಡಿಗೆ ಬಳಸುವ ಕೈಯನ್ನು ತಿಂಗಳುಗಟ್ಟಲೆ ನೋಡಿದ್ದೆವು, ಗಡಿಗೆ ಆರಿಸುವ ಕೈಯನ್ನು ನೋಡಿರಲಿಲ್ಲ. ರವಿವಾರ ಪೇಟೆಯ ಗಿಳಿ ನನ್ನನ್ನು ನೋಡಿ ನಕ್ಕಿರಬೇಕು, ಅದೂ ಎಡಗಡೆಗೆ ತಿರುಗಿ.

ಮರುದಿನ ಕ್ಲಾಸಿನಲ್ಲಿ ಎಲ್ಲರೂ ಮುಖ ಇಳಿಬಿಟ್ಟು ಕೂತಿದ್ದರು. ಏನು ಮಾಡೋಣ ಎಂದು ಕೇಳಿದೆ. ಬೆಳಗಾವಿಯ ಅಂಗಡಿಯಲ್ಲಿಟ್ಟು ಗಾಜಿನ ಹಿಂದಿನಿಂದ ಮಾರೋಣ, ಯಾರೂ ಬಡಿಯಲಾರರು ಎಂದ ಒಬ್ಬ. ಕಂಠಕ್ಕೆ ಗೆಜ್ಜೆ ಕಟ್ಟೋಣ ಎಂದ ಇನ್ನೊಬ್ಬ. ನನ್ನ ತಲೆಯಲ್ಲಿ ಬೋರ್ಡು ಓಡಾಡುತ್ತಿತ್ತು. ಅಂದವಾದ ಅಕ್ಷರಗಳಲ್ಲಿ, ಎರಡೂ ಭಾಷೆಯಲ್ಲಿ, ಈ ಗಡಿಗೆ ಒಡೆದಿಲ್ಲ, ಒಳಗೆ ಮರಳಿದೆ ಎಂದು ಬರೆದು ನಿಲ್ಲಿಸುವುದು.

ಆಗ ಶಾರದಾ ಬಾಯಿ ಬಿಟ್ಟಳು. "ಬ್ಯಾಡ್ರಿ ಅಕ್ಕೋರ. ಗಡಿಗಿ ಒಡದಿಲ್ಲ ಅಂತ ಬೋರ್ಡ್ ಹಾಕಿದ್ರ, ಒಡದಾವು, ಅದಕ್ಕ ಹಾಕ್ಯಾರ ಅಂತಾರ."

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

"ಹಂಗಾದ್ರ ನೀ ಏನಂತೀ?"

ಅವಳು ಎದ್ದು ಒಳಗೆ ಹೋಗಿ ಆರಲು ಇಟ್ಟಿದ್ದ ಹಸಿ ಗಡಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ತಿಗರಿಯಿಂದ ಗಡಿಗೆ ಬಿಡಿಸುವ ದಾರ ತಗೊಂಡಳು. ನಾನು ವಾರಗಟ್ಟಲೆ ಕೂತು ತೀಡಿದ ಆ ಬೆಸುಗೆಯ ಸುತ್ತ ದಾರ ಎಳೆದು ಕೊಯ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅವಳಿಗೆ ದೊಣ್ಣೆಯೂ ಬೇಕಾಗಲಿಲ್ಲ. ಒಳಗಿನ ಗಡಿಗೆಯನ್ನು ಎರಡೂ ಕೈಯಿಂದ ಮೇಲೆತ್ತಿ ಪಕ್ಕದಲ್ಲಿಟ್ಟಳು. ಕ್ಲಾಸು ನನ್ನ ಮುಖ ನೋಡಿತು.

"ಎರಡು ಬ್ಯಾರೆ ಬ್ಯಾರೆ ಸುಡೂಣ್ರಿ" ಎಂದಳು. "ಎರಡೂ ದನಿ ಕೊಡ್ತಾವ. ಬಡದ ನೋಡಿ ತಗೋತಾರ. ಮರಳ ಮನ್ಯಾಗ ತುಂಬ್ಕೋತಾರ. ಹೊಳಿ ಬಾಜೂಕ ಐತಿ, ಮರಳಿಗೇನು ಬರಗಾಲ?"

ಆ ಬೆಸುಗೆ ನನ್ನ ಹೆಮ್ಮೆ. ಆದರೆ ಆ ಬೆಸುಗೆ ಯಾರಿಗೋಸ್ಕರ ಇತ್ತು ಎಂದು ಕೇಳಿಕೊಂಡಾಗ ಬೇರೆ ಉತ್ತರ ಹೊಳೆಯಲಿಲ್ಲ, ನನ್ನ ಕಾಗದದ ಚಿತ್ರಕ್ಕೋಸ್ಕರ. ಇದನ್ನು ಓದುವ ಹುಡುಗರೇ, ಐಡಿಯಾ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೀರಲ್ಲ, ಎಷ್ಟೋ ಸಲ ಅದು ಹೊಸದಾಗಿ ಬರುವುದಿಲ್ಲ. ನೀವು ಪ್ರೀತಿಯಿಂದ ಸೇರಿಸಿದ್ದೊಂದನ್ನು ಯಾರಾದರೂ ಕೊಯ್ದು ತೆಗೆಯಬೇಕಾಗುತ್ತದೆ. ಆಗ ಸುಮ್ಮನೆ ಕೂತಿರುವುದು ಕಲಿಯಿರಿ. ನನಗೆ ಅದು ಈ ವಯಸ್ಸಿನಲ್ಲೂ ಕಷ್ಟ.

ಮುಂದಿನ ಕೆಲಸ ಸುಲಭವಾಗೇನೂ ಇರಲಿಲ್ಲ. ಬೇರೆ ಬೇರೆ ಸುಟ್ಟಾಗ ಒಂದು ಹೆಚ್ಚು ಕುಗ್ಗಿತು, ಇನ್ನೊಂದು ಕಡಿಮೆ. ಮೊದಲ ಭಟ್ಟಿಯಲ್ಲಿ ಒಳಗಿನವು ಹೊರಗಿನದರಲ್ಲಿ ಹೋಗದೆ ಬಾಯಲ್ಲೇ ಸಿಕ್ಕಿಕೊಂಡವು. ಬಿಗಿಯಾಗಿ ಕೂಡಬೇಕೆಂಬ ಆಸೆ ಬಿಟ್ಟೆವು. ಸುತ್ತಲೂ ಬೆರಳು ತೂರುವಷ್ಟು ಸಡಿಲ ಇಟ್ಟು, ಒಳಗಿನ ಗಡಿಗೆಗೆ ಅಗಲ ಅಂಚು ಕೊಟ್ಟು ಆ ಸಂದಿ ಮುಚ್ಚಿದೆವು. ಅಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದಿತ್ತು. ಮಿರಗಕ್ಕೆ ಮೊದಲು ಉಳಿದದ್ದು ಒಂದೇ ಸಂತೆ.

ಆ ಸಂತೆಯ ಬೆಳಿಗ್ಗೆಯೇ ಶಿವಪ್ಪ ಬೀಡಿಯಿಂದ ಬಂದಿಳಿದರು. ಕ್ಲಾಸು ಮುಚ್ಚುವ ಸುದ್ದಿ ಯಾರಿಂದಲೋ ಅವರ ಕಿವಿಗೆ ಬಿದ್ದಿತ್ತು. ತಂಗಿಯ ಮನೆಯಿಂದ ಮಗಳ ಟ್ರಂಕು ಹೊರಗೆ ತೆಗೆಸಿ, ಹಗ್ಗ ಕಟ್ಟಿ, ಹೆಗಲ ಮೇಲೆ ಹೊತ್ತು ಸೀದಾ ಸಂತೆಗೆ ತಂದಿದ್ದರು.

"ಡಿಸೈನ್ ಇಲ್ಲಂದ ಮ್ಯಾಲ ಇನ್ನೇನೈತ್ರಿ ಇಲ್ಲೆ? ಸಂಜೀ ಬಸ್ಸಿಗೆ ಕರ್ಕೊಂಡ ಹೋಗ್ತೇನಿ" ಎಂದರು.

"ಸಂಜೀತನಕ ಕುಂದರ್ರಿ. ಮಾರಾಟ ಆದ್ರ ಕ್ಲಾಸ್ ಉಳೀತೈತಿ" ಎಂದೆ.

ಅವರು ಟ್ರಂಕನ್ನು ನಮ್ಮ ಹುಲ್ಲಿನ ಪಕ್ಕ ಇಟ್ಟು, ತಾವು ದೂರ ಬೇವಿನ ಮರದ ಬುಡಕ್ಕೆ ಹೋಗಿ ಆ ಕಡೆ ಮುಖ ಮಾಡಿ ಕೂತರು. ಬೀಡಿಯವರು ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಶಾರದಾ ಒಮ್ಮೆ ಟ್ರಂಕು ನೋಡಿದಳು, ಒಮ್ಮೆ ಅಪ್ಪನ ಬೆನ್ನು ನೋಡಿದಳು. ಮತ್ತೆ ಗಡಿಗೆ ಜೋಡಿಸತೊಡಗಿದಳು.

ಮೊದಲು ಬಂದವಳು ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು. ಹೊರಗಿನ ಗಡಿಗೆ ಎತ್ತಿ ಬಡಿದಳು. ಠಣ್. ಒಳಗಿನದನ್ನು ಬಡಿದಳು. ಅದು ಇನ್ನೂ ಸಣ್ಣ ದನಿಯಲ್ಲಿ ಠಣ್ ಎಂದಿತು. ಎರಡನ್ನೂ ತಗೊಂಡು ಹೋದಳು. ಆಮೇಲೆ ಸಂತೆಯ ಆ ಮೂಲೆಯಲ್ಲಿ ಠಣ್ ಠಣ್ ಸದ್ದು ನಿಲ್ಲಲೇ ಇಲ್ಲ. ಒಬ್ಬ ಅಜ್ಜಿ ಒಳಗಿನದೊಂದನ್ನೇ ಕೇಳಿದಳು, ಮೊಸರು ಹೆಪ್ಪು ಹಾಕಲು. ಯಶವಂತ ಜೋಡಿ ಒಡೆಯಲಾರೆ ಎಂದು ವಾದಕ್ಕಿಳಿದ. ಶಾರದಾ, "ಒಯ್ಲಿ ಬಿಡು, ಆಕೀ ಗಡಿಗಿ ಆಕೀ ಇಷ್ಟ" ಎಂದು ಕೊಟ್ಟೇಬಿಟ್ಟಳು. ಅಷ್ಟರಲ್ಲಿ ಬಂದ ಸಾಹೇಬರು ಅದನ್ನು ನೋಡಿ, "ಅರ್ಧಾ ಡಿಸೈನ್ ಸಹಿತ ಸಂತ್ಯಾಗ ಹೋಗ್ತದ ಅಂದ್ರ ಪೂರಾ ಕ್ಲಾಸ್ ಹೆಂಗ ಬಂದ್ ಮಾಡ್ಲಿ?" ಎಂದರು. ಅವರ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಅದೇ. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಆದರೆ ಟ್ರಂಕಿನ ಮಾತು ಇನ್ನೂ ತೀರ್ಮಾನವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಿವಪ್ಪ ಮರದ ಬುಡದಲ್ಲಿ ಈ ಕಡೆಗೆ ತಿರುಗಿ ಕೂತಿದ್ದರು. ಆಮೇಲೊಮ್ಮೆ ನೋಡಿದಾಗ ಹುಲ್ಲಿನ ಅಂಚಿಗೆ ಬಂದು ನಿಂತಿದ್ದರು. ಅದೇ ಹೊತ್ತಿಗೆ ಪಟಕಾ ಸುತ್ತಿದ ಒಬ್ಬ ರೈತ ಗಡಿಗೆ ಎತ್ತಿ ಹಿಂದೆ ಮುಂದೆ ತಿರುಗಿಸಿ ಕೇಳಿದ:

"ಯಾರ ಮಾಡ್ಯಾರ ಇದನ್ನ? ಕುಂಬಾರ್ರು ಮಾಡಿದ್ದ ಕಾಣೂದಿಲ್ಲಲ್ಲ?"

ಶಾರದಾ ತಲೆ ತಗ್ಗಿಸಿದಳು.

"ನಮ್ಮ ಹುಡಿಗಿ ಮಾಡ್ಯಾಳ್ರಿ" ಎಂದರು ಶಿವಪ್ಪ. ಆಮೇಲೆ, ದನಿ ಸ್ವಲ್ಪ ಏರಿಸಿ, "ಬೀಡಿ ಶಿವಪ್ಪನ ಮಗಳು. ಬಡದ ನೋಡ್ರಿ."

ಆ ರೈತ ಬಡಿದ. ಎಲ್ಲರಿಗೂ ಕೇಳಿಸಿತು.

ಸಂಜೆ ಶಿವಪ್ಪ ತಮಗೂ ಒಂದು ಜೋಡಿ ಆರಿಸಿಕೊಂಡರು. ಒಂದೊಂದನ್ನೂ ಕಿವಿಗೆ ಹಿಡಿದು ಬಡಿದು, ಎರಡು ತಿರಸ್ಕರಿಸಿ, ಮೂರನೆಯದು ಒಪ್ಪಿದರು. ಮಗಳೆಂದು ರಿಯಾಯಿತಿ ತೋರಿಸಲಿಲ್ಲ. ಬಸ್ಸಿನಲ್ಲಿ ಒಯ್ಯಲು ಕಟ್ಟಬೇಕಲ್ಲ, ಅತ್ತಿತ್ತ ನೋಡಿದರು. ಬೇರೇನೂ ಸಿಗಲಿಲ್ಲ. ಬಗ್ಗಿ ಟ್ರಂಕಿನ ಹಗ್ಗ ಬಿಚ್ಚಿದರು, ಆ ಹಗ್ಗದಿಂದ ಗಡಿಗೆಗಳನ್ನು ಕಟ್ಟಿಕೊಂಡರು. ಬೀಡಿಯ ಬಸ್ಸು ಬಂದಾಗ ಒಬ್ಬರೇ ಹತ್ತಿದರು.